ಕಲಾಯಿ ನೋಡದೆ ಕಾಫಿಪುಡಿ ಕೊಡದ ದೊರ್ಕಾಬಾಯಿ

ಬೆಳಗಿನ ಐದು ಗಂಟೆ. ಬೀದರಿನ ಮಂಗಲಪೇಟೆಯಲ್ಲಿ ಚಹಾದಂಗಡಿಗಳ ಸ್ಟೋವುಗಳು ಆಗಲೇ ಭರ್‍ರೆನ್ನುತ್ತಿವೆ. ಇದು ಚಹಾದ ಊರು. ಮದುವೆಗೂ ಚಹಾ, ಮಣ್ಣಿಗೂ ಚಹಾ, ಜಗಳ ಬಗೆಹರಿಸಲಿಕ್ಕೂ ಅರ್ಧ ಕಪ್ ಚಹಾ. ಆದರೆ ಚರ್ಚಿನ ಹಿಂದಿನ ಓಣಿಗೆ ತಿರುಗಿದರೆ ಗಾಳಿಯಲ್ಲಿ ಬೇರೆಯದೇ ವಾಸನೆ ಇದೆ. ತಗಡಿನ ಚಪ್ಪರದ ಕೆಳಗೆ ಮಣೆ ಹಾಕಿಕೊಂಡು ಕುಳಿತ ಹೆಂಗಸೊಬ್ಬರು ಒಲೆಯ ಮೇಲಿನ ಕಬ್ಬಿಣದ ಡಬ್ಬಿಯನ್ನು ಹಿಡಿಕೆಯಿಂದ ತಿರುಗಿಸುತ್ತಿದ್ದಾರೆ. ತಲೆಗೆ ಸ್ಕಾರ್ಫ್ ಬಿಗಿದಿದೆ. ಕಣ್ಣು ಬೆಂಕಿಯ ಮೇಲಿಲ್ಲ. ಮುಖವನ್ನು ಒಂದು ಬದಿಗೆ ಓರೆ ಮಾಡಿ ಡಬ್ಬಿಯೊಳಗಿನ ಸದ್ದನ್ನು ಕೇಳುತ್ತಿದ್ದಾರೆ.

"ಕಾಫಿಬೀಜ ಕಿವಿಯಿಂದ ಹುರೀಬೇಕ್ರಿ," ಎನ್ನುತ್ತಾರೆ ದೊರ್ಕಾಬಾಯಿ. "ಮೊದಲ ಜೋಳದ ಅರಳಿನಂಗ ಚಟಪಟ ಅಂತಾವ. ಆಮ್ಯಾಲ ಸುಮ್ನಾಗ್ತಾವ. ಆ ಸುಮ್ನಿದ್ದ ಹೊತ್ತಿನಾಗ ಇಳಿಸಬೇಕು. ಮತ್ತೊಮ್ಮಿ ಸಪ್ಪಳ ಶುರು ಆತಂದ್ರ ಹೋತು, ಕರ್ರಗಾಗಿ ಎಣ್ಣಿ ಬಿಡ್ತಾವ."

ಸದ್ದು ನಿಂತಿತು. ಅವರು ಡಬ್ಬಿ ಇಳಿಸಿ ಬೀಜಗಳನ್ನು ಮೊರಕ್ಕೆ ಸುರಿದು ಕೇರತೊಡಗಿದರು. ಸಿಪ್ಪೆ ಹಾರಿ ಅಂಗಳದ ತುಂಬ ಬಿತ್ತು.

ದೊರ್ಕಾಬಾಯಿಗೆ ಈಗ ಅರವತ್ತೊಂದು ವರ್ಷ. ಬೀದರಿನಲ್ಲಿ ಇಪ್ಪತ್ತೇಳು, ಭಾಲ್ಕಿಯಲ್ಲಿ ಹನ್ನೊಂದು, ಔರಾದಿನಲ್ಲಿ ಆರು, ಸಂತಪುರದಲ್ಲಿ ಎರಡು, ಹೀಗೆ ಒಟ್ಟು ನಲವತ್ತಾರು ಮನೆಗಳಿಗೆ ಇವರೇ ಕಾಫಿಪುಡಿ ಕೊಡುತ್ತಾರೆ. ಸೋಮವಾರ ಭಾಲ್ಕಿ, ಗುರುವಾರ ಔರಾದ, ಉಳಿದ ದಿನ ಬೀದರಿನ ಓಣಿಗಳು. ಭಾನುವಾರ ಚರ್ಚು. ಬರೀ ಪುಡಿ ಕೊಟ್ಟು ಬರುವ ಕೆಲಸ ಇವರದಲ್ಲ. ಪ್ರತಿ ಮನೆಯಲ್ಲೂ ಫಿಲ್ಟರ್ ಬಿಚ್ಚಿಸಿ ನೋಡುತ್ತಾರೆ. ಮುಚ್ಚಿಹೋದ ತೂತುಗಳನ್ನು, ಸ್ಟೀಲಿನದಾದರೆ ಉರಿಯ ಮೇಲೆ ಹಿಡಿದು, ಸೂಜಿಯಿಂದ ಬಿಡಿಸುತ್ತಾರೆ. ಬೀಸುವ ಯಂತ್ರವಿದ್ದ ಮನೆಯಲ್ಲಿ ಅದರ ಹಲ್ಲಿನ ಜಿಡ್ಡು ತೆಗೆಯಲು ಒಂದು ಹಿಡಿ ಒಣ ಅಕ್ಕಿ ಬೀಸುತ್ತಾರೆ. ಬೋರಿನ ನೀರು ಕಾಸಿ ಕಾಸಿ ಕೆಟಲಿನ ತಳದಲ್ಲಿ ಬಿಳಿ ಪದರು ಕಟ್ಟಿದ್ದರೆ ನಿಂಬೆಹುಳಿ ಹಾಕಿ ಕುದಿಸಲು ಹೇಳುತ್ತಾರೆ. ಹೇಳುವಾಗ ಪ್ರತಿ ಸಲ ಒಂದು ಮಾತು ಸೇರಿಸುತ್ತಾರೆ: "ಸ್ಟೀಲಿನ ಕೆಟಲಿಗೆ ಅಷ್ಟೇರಿ. ಹಿತ್ತಾಳಿ ಒಳಗ ಹುಳಿ ಮುಟ್ಟಿಸಬ್ಯಾಡ್ರಿ."

ಏಳೂಕಾಲಿನ ಔರಾದ ಬಸ್ಸಿಗೆ, ಪತ್ರಿಕೆಗೆ ಬರೆಯಲು ಬಂದ ನಾನೂ ಅವರ ಜೊತೆ ಹತ್ತುತ್ತೇನೆ. ಅವರ ಚೀಲದಲ್ಲಿ ಪುಡಿಯ ಪೊಟ್ಟಣಗಳಲ್ಲದೆ ಒಂದು ಸೂಜಿಡಬ್ಬಿ, ಹಳೆಯ ಹಲ್ಲುಜ್ಜುವ ಬ್ರಶ್, ಮೆತ್ತನೆಯ ಬಟ್ಟೆ ಮತ್ತು ಒಂದು ಸಣ್ಣ ಟಾರ್ಚ್ ಇವೆ. ಹಗಲಿನಲ್ಲಿ ಟಾರ್ಚ್ ಏಕೆಂದು ಕೇಳಿದೆ. "ಬರ್‍ರಿ, ನೋಡೀರಂತ," ಎಂದರು.

ಔರಾದಿನಲ್ಲಿ ಮೊದಲು ಹೋದದ್ದು ವಕೀಲ ಸತೀಶಕುಮಾರರ ಮನೆಗೆ. ಅವರು ದಾವಣಗೆರೆಯಲ್ಲಿ ಓದುವಾಗ ಕಾಫಿಯ ರುಚಿ ಹತ್ತಿಸಿಕೊಂಡವರು. ಅಲ್ಲಿಂದಲೇ ತಂದ ಹಿತ್ತಾಳೆ ಫಿಲ್ಟರನ್ನು ಇಪ್ಪತ್ತು ವರ್ಷಗಳಿಂದ ಬಳಸುತ್ತಿದ್ದಾರೆ. ದೊರ್ಕಾಬಾಯಿ ಫಿಲ್ಟರಿನ ಕೆಳಗಿನ ಪಾತ್ರೆಯನ್ನು ಕಿಟಕಿಯ ಬಳಿ ಒಯ್ದು ಒಳಗೆ ಟಾರ್ಚ್ ಬಿಟ್ಟರು. ಬಹಳ ಹೊತ್ತು ನೋಡಿದರು. ಒಳಗೆಲ್ಲ ಬೆಳ್ಳಗಿನ ಕಲಾಯಿ. ತಳದ ಮೂಲೆಯಲ್ಲಿ ಮಾತ್ರ ಕಿರುಬೆರಳಿನ ಉಗುರಿನಷ್ಟು ಜಾಗ ಹಳದಿಯಾಗಿ ಹೊಳೆಯುತ್ತಿತ್ತು. ಅಲ್ಲಿ ತವರದ ಲೇಪ ಹೋಗಿ ಬರೀ ಹಿತ್ತಾಳೆ ಕಾಣುತ್ತಿತ್ತು.

"ಇದನ್ನ ನಾ ಒಯ್ತೇನ್ರಿ ಸರ್. ಬರೋ ಗುರುವಾರ ತಂದು ಕೊಡ್ತೇನಿ. ಪುಡಿ ಆವಾಗೇ ಕೊಡ್ತೇನಿ."

"ಅರೆ, ಇಷ್ಟೇ ಇಷ್ಟು ಅದ ಅಲ್ರಿ! ನಾಳಿ ಮನಿಗಿ ಬೀಗರು ಬರ್ತಾರ. ಪುಡಿ ಇಟ್ಟು ಹೋಗ್ರಿ, ಅವರು ಹೋದಮ್ಯಾಲ ಒಯ್ಯೀರಂತ."

"ಬೀಗರಿಗಿ ಚಹಾ ಕೊಡ್ರಿ ಸರ್."

"ಒಂದು ದಿನಕ್ಕ ಏನಾಗ್ತದ್ರಿ?"

ದೊರ್ಕಾಬಾಯಿ ಫಿಲ್ಟರನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸತೀಶಕುಮಾರರು ನನ್ನ ಕಡೆ ನೋಡಿ ಕೈ ಚೆಲ್ಲಿದರು. ಬಾಗಿಲಿನಿಂದ ಹೊರಗೆ ಬಂದ ಮೇಲೆ ಅವರ ಪ್ರಶ್ನೆಯನ್ನು ನಾನು ಮತ್ತೆ ಕೇಳಿದೆ. ಒಂದು ದಿನಕ್ಕೆ ಏನಾಗುತ್ತದೆ? ದೊರ್ಕಾಬಾಯಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೇಳತೊಡಗಿದರು.

ದೊರ್ಕಾಬಾಯಿ ಹುಟ್ಟಿದ್ದು ಬೀದರ ತಾಲ್ಲೂಕಿನ ಮನ್ನಳ್ಳಿಯಲ್ಲಿ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಹದಿನಾರನೆಯ ವಯಸ್ಸಿಗೆ ಬೀದರಿನ ನರ್ಸ್ ವಿದ್ಯಾರ್ಥಿನಿಯರ ಹಾಸ್ಟೆಲೊಂದರ ಅಡುಗೆಮನೆಗೆ ಕೆಲಸಕ್ಕೆ ಸೇರಿದರು. ಅಲ್ಲಿನ ಮೇಟ್ರನ್ ಕೋಲಾರದ ಕಡೆಯವರು. ಬೆಳಗ್ಗೆ ಕಾಫಿ ಸರಿಯಿಲ್ಲದಿದ್ದರೆ ಅವರು ಬೈಯುತ್ತಿರಲಿಲ್ಲ, ಲೋಟ ಹಾಗೇ ಇಟ್ಟು ಎದ್ದು ಹೋಗುತ್ತಿದ್ದರು. "ಬೈದಿದ್ರ ಬೇಷಿತ್ತು. ತುಂಬಿದ ಲೋಟ ನೋಡಿ ಅಳು ಬರ್ತಿತ್ತು," ಎಂದು ದೊರ್ಕಾಬಾಯಿ ನೆನೆಯುತ್ತಾರೆ. ಕುದಿಯುವ ನೀರನ್ನು ಇಳಿಸಿ ಹತ್ತು ಎಣಿಸಿ ಹಾಕಬೇಕು, ಪುಡಿಯನ್ನು ಒತ್ತಿ ಕೂರಿಸಬಾರದು, ಡಿಕಾಕ್ಷನ್ನನ್ನು ಎಂದೂ ಮತ್ತೆ ಕುದಿಸಬಾರದು ಎಂಬುದನ್ನೆಲ್ಲ ಆ ತುಂಬಿದ ಲೋಟಗಳಿಂದಲೇ ಕಲಿತರು. ಇಪ್ಪತ್ತನಾಲ್ಕು ವರ್ಷದ ಮೇಲೆ ಹಾಸ್ಟೆಲಿನ ಅಡುಗೆಮನೆ ಮುಚ್ಚಿತು. ಗಂಡ ಜಾನಿ ಕಾಮಾಲೆಯಿಂದ ತೀರಿಕೊಂಡದ್ದೂ ಅದೇ ಹೊತ್ತಿಗೆ. ಮಗಳು ರೂಬಿ ಆಗಿನ್ನೂ ಹೈಸ್ಕೂಲಿನಲ್ಲಿದ್ದಳು. ಆಗ ದೊರ್ಕಾಬಾಯಿ ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹಿಡಿದು ಮನೆಯಲ್ಲೇ ಬೀಜ ಹುರಿಯತೊಡಗಿದರು.

ಗಿರಾಕಿಗಳು ಒಬ್ಬರಿಂದ ಒಬ್ಬರಿಗೆ ಹೆಚ್ಚಿದರು. ದಕ್ಷಿಣದ ಜಿಲ್ಲೆಗಳಲ್ಲಿ ನೌಕರಿ ಮಾಡಿ ಮರಳಿದ ಮಾಸ್ತರರು, ನರ್ಸುಗಳು, ಬ್ಯಾಂಕಿನವರು. ಭಾಲ್ಕಿಯ ನಿವೃತ್ತ ಹೆಡ್‌ಮಾಸ್ತರ ಶಿವರಾಜಪ್ಪನವರ ಮನೆ ಅದರಲ್ಲಿ ಒಂದು. ಅವರು ಹಾಸನದಲ್ಲಿದ್ದಾಗ ಕೊಂಡ ದೊಡ್ಡ ಹಿತ್ತಾಳೆ ಫಿಲ್ಟರಿನಲ್ಲಿ ಇಪ್ಪತ್ತು ಜನಕ್ಕೆ ಸಾಲುವಷ್ಟು ಡಿಕಾಕ್ಷನ್ ಇಳಿಯುತ್ತಿತ್ತು. ಮನೆಯಲ್ಲಿ ಕಾಫಿಯ ಹುಚ್ಚು ಹೆಚ್ಚಿದ್ದುದು ಶಿವರಾಜಪ್ಪನವರಿಗಲ್ಲ, ಅವರ ತಾಯಿ ದಾನಮ್ಮನವರಿಗೆ. ಎಪ್ಪತ್ತೊಂಬತ್ತರ ಆ ಮುದುಕಿ ಸೋಮವಾರ ಬಂತೆಂದರೆ ಕಟ್ಟೆಯ ಮೇಲೆ ಕುಳಿತು ದೊರ್ಕಾಬಾಯಿಯ ದಾರಿ ಕಾಯುತ್ತಿದ್ದರು. ಲಿಂಗಪೂಜೆ ಮುಗಿಸಿ ಮೊದಲ ಕಾಫಿ ಕುಡಿಯುವ ತನಕ ಯಾರ ಜೊತೆಗೂ ಮಾತಿಲ್ಲ.

ಆಗ ದೊರ್ಕಾಬಾಯಿಗೆ ಒಂದು ಅಭಿಮಾನವಿತ್ತು. ತಮ್ಮ ಗಿರಾಕಿಗಳ ಫಿಲ್ಟರುಗಳು ಒಳಗೂ ಹೊರಗೂ ಬಂಗಾರದಂತೆ ಹೊಳೆಯಬೇಕು. ತಿಂಗಳಿಗೊಮ್ಮೆ ಹುಣಸೆಹಣ್ಣು, ತಂತಿಯ ಜುಂಗು ಹಚ್ಚಿ ತಾವೇ ಉಜ್ಜಿ ಕೊಡುತ್ತಿದ್ದರು. "ದಾನಮ್ಮಾಯಿ ಅದ್ರಾಗ ಮಾರಿ ನೋಡ್ಕೊಂಡು ನಗ್ತಿದ್ರು. ನನಗ ಅಷ್ಟು ಸಾಕಿತ್ತು."

ಹನ್ನೊಂದು ವರ್ಷದ ಹಿಂದಿನ ಶ್ರಾವಣ. ಶಿವರಾಜಪ್ಪನವರ ತಂದೆಯ ಪುಣ್ಯತಿಥಿಗೆ ಬಂಧುಗಳು ಸೇರಿದ್ದರು. ಹಿಂದಿನ ದಿನವೇ ಇಳಿಸಿದ ಡಿಕಾಕ್ಷನ್ ರಾತ್ರಿಯಿಡೀ ಫಿಲ್ಟರಿನಲ್ಲೇ ಇತ್ತು. ಬೆಳಗ್ಗೆ ಕಾಫಿ ಕುಡಿದ ಅರ್ಧ ತಾಸಿನಲ್ಲಿ ಏಳು ಮಂದಿಗೆ ವಾಂತಿ ಶುರುವಾಯಿತು. ಆರು ಜನ ಸಂಜೆಯೊಳಗೆ ಸುಧಾರಿಸಿಕೊಂಡರು. ಎರಡು ಲೋಟ ಕುಡಿದಿದ್ದ ದಾನಮ್ಮನವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರನೆಯ ದಿನ ಮನೆಗೆ ಬಂದರು, ಆದರೆ ಹಾಸಿಗೆ ಬಿಟ್ಟು ಏಳಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಮಲಗಿದ್ದವರು ಮಲಗಿದಂತೆಯೇ ತೀರಿಕೊಂಡರು. ಮೊದಲಿನಿಂದಲೂ ಹೃದಯ ದುರ್ಬಲವಾಗಿತ್ತು ಎಂದು ಡಾಕ್ಟರು ಹೇಳಿದರು. ಊರು ಬೇರೆ ಹೇಳಿತು. ದೊರ್ಕಾಬಾಯಿ ಪುಡಿಯಲ್ಲಿ ಏನೋ ಕಲಬೆರಕೆ ಮಾಡುತ್ತಾಳೆ ಎಂಬ ಸುದ್ದಿ ಭಾಲ್ಕಿಯಿಂದ ಬೀದರಿಗೆ ಬರಲು ಎರಡು ದಿನವೂ ಬೇಕಾಗಲಿಲ್ಲ. ಆಗಿದ್ದ ಮೂವತ್ತೆಂಟು ಮನೆಗಳಲ್ಲಿ ಮೂವತ್ತೊಂದು ಮನೆಯ ಬಾಗಿಲು ಮುಚ್ಚಿದವು.

"ನನ್ನ ಪುಡಿ ಚೊಕ್ಕ ಅಂತ ನನಗ ಗೊತ್ತಿತ್ರಿ. ಸಿಟ್ಟು ಬಂದಿತ್ತು. ಅದನ್ನ ಸಾಬೀತು ಮಾಡ್ಬೇಕಂತೇ ಭಾಲ್ಕಿಗಿ ಹೋದೆ."

ಬಾಗಿಲು ತೆರೆದದ್ದು ಶಿವರಾಜಪ್ಪನವರ ಹೆಂಡತಿ ಶಶಿಕಲಾ. ಒಳಗೆ ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ. ದೊರ್ಕಾಬಾಯಿ ಹೊಸ್ತಿಲ ಹೊರಗೇ ನಿಂತು, ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ಪುಡಿಯನ್ನು ಬಾಯಿಗೆ ಹಾಕಿಕೊಂಡು ನುಂಗಿದರು. ಆಮೇಲೆ, "ಬಾಯಾರ, ಆ ಫಿಲ್ಟರ್ ಒಂದಿಷ್ಟು ಕೊಡ್ರಿ, ನೋಡ್ತೇನಿ," ಎಂದರು. ಶಶಿಕಲಾ ಅಟ್ಟದ ಮೇಲಿಂದ ಫಿಲ್ಟರ್ ತಂದು ಕೊಟ್ಟರು. ಆ ದಿನದ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲ. ಬೆಸುಗೆಯ ಗೆರೆಯುದ್ದಕ್ಕೂ ಹಸಿರು ಕಿಲುಬು ಎದ್ದಿತ್ತು.

ದೊರ್ಕಾಬಾಯಿ ಅದನ್ನು ಬೀದರಿನ ಹಳೆಯ ಊರಿನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಶರಫೋದ್ದೀನರ ಹತ್ತಿರ ಒಯ್ದರು. ಎಪ್ಪತ್ತು ದಾಟಿದ ಶರಫೋದ್ದೀನ ಪಾತ್ರೆಯೊಳಗೆ ಬೆರಳಾಡಿಸಿದರು.

"ಇದು ತಾನಾಗಿ ಸವೆದ ಕಲಾಯಿ ಅಲ್ಲ ಬೇಟಿ. ಯಾರೋ ತಂತಿ ಹಚ್ಚಿ ತಿಕ್ಕಿ ತಿಕ್ಕಿ ತೆಗ್ದಾರ. ಬರೀ ಹಿತ್ತಾಳಿಯಾಗ ಕಾಫಿಯಂಥ ಹುಳಿ ಪದಾರ್ಥ ರಾತ್ರಿಯೆಲ್ಲ ಇಟ್ರ ಜಹರ್ ಆಗ್ತದ, ವಿಷ."

ಒಳಗೆ ಸುತ್ತುಸುತ್ತಾಗಿ ಗೀರುಗಳಿದ್ದವು. ಬಲಗೈಯಿಂದ ಉಜ್ಜಿದ ಗೀರುಗಳು. ಯಾರ ಕೈಯವು ಎಂದು ದೊರ್ಕಾಬಾಯಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತವರು ಮಧ್ಯಾಹ್ನದ ತನಕ ಏಳಲಿಲ್ಲ. ಶರಫೋದ್ದೀನರ ಹೆಂಡತಿ ಫಕ್ರುನ್ನಿಸಾ ಒಂದು ತಂಬಿಗೆ ನೀರು ತಂದು ಪಕ್ಕದಲ್ಲಿಟ್ಟರು.

ಮನೆಗೆ ಬಂದು ಮಗಳಿಗೆ ಹೇಳಿದಾಗ ರೂಬಿ ಕೈ ಮುಗಿದಳು. ಅವಳ ನರ್ಸಿಂಗ್ ಓದು ಮುಗಿದು ಮದುವೆಯ ಮಾತು ನಡೆದಿತ್ತು. "ಅವ್ವಾ, ಕಲಾಯಿ ಹೋಗಿತ್ತು ಅಂತ ಹೇಳು, ಸಾಕು. ಯಾರು ತೆಗ್ದಾರಂತ ಯಾರೂ ಕೇಳಂಗಿಲ್ಲ." ಅದು ನಿಜವೂ ಆಗಿತ್ತು. ಯಾರೂ ಕೇಳುತ್ತಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ದೊರ್ಕಾಬಾಯಿ ಮತ್ತೆ ಭಾಲ್ಕಿಗೆ ಹೋದರು. ಶಿವರಾಜಪ್ಪ ಪಡಸಾಲೆಯಲ್ಲಿ ಕುಳಿತಿದ್ದರು. ಫಿಲ್ಟರನ್ನು ಅವರ ಮುಂದಿಟ್ಟು, "ಇದ್ರಾಗಿನ ಕಲಾಯಿ ನಾನೇ ತಿಕ್ಕಿ ತೆಗ್ದೇನ್ರಿ ಸರ್. ಹೊಳಪು ಬರ್ಲಿ ಅಂತ ತಿಕ್ಕಿದೆ. ನನಗ ತಿಳೀಲಿಲ್ಲ. ಪುಡಿ ತಪ್ಪಲ್ಲ, ನನ್ನ ಕೈಯದು ತಪ್ಪು," ಎಂದರು.

ಶಿವರಾಜಪ್ಪ ಫಿಲ್ಟರನ್ನು ಎತ್ತಿ ಒಳಗಿನ ಗೀರುಗಳನ್ನು ನೋಡಿದರು. "ಇನ್ನ ಈ ಮನಿಗಿ ಬರಬ್ಯಾಡ್ರಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಅಲ್ಲಿಗೆ ದೊರ್ಕಾಬಾಯಿ ನಿಲ್ಲಲಿಲ್ಲ. ತಾವು ಉಜ್ಜಿದ ಹಿತ್ತಾಳೆ ಫಿಲ್ಟರುಗಳು ಇನ್ನೂ ಹದಿನೆಂಟು ಮನೆಗಳಲ್ಲಿದ್ದವು. ಒಂದೊಂದೇ ಬಾಗಿಲು ಬಡಿದು ಅದೇ ಮಾತು ಹೇಳಿದರು. ಕೆಲವರು ಬೈದರು. ಒಬ್ಬರು ಫಿಲ್ಟರನ್ನು ಅಂಗಳಕ್ಕೆ ಎಸೆದರು. ಹದಿನಾಲ್ಕು ಮನೆಯವರು ಕೊಟ್ಟರು. ಅವನ್ನೆಲ್ಲ ಗೋಣಿಚೀಲದಲ್ಲಿ ಹೊತ್ತು ತಂದು ಶರಫೋದ್ದೀನರ ಮುಂದೆ ಸುರಿದರು. ಅಷ್ಟೂ ಪಾತ್ರೆಗಳಿಗೆ ಕಲಾಯಿ ಆಗುವ ತನಕ ದಿನಾ ಅಲ್ಲೇ ಕುಳಿತು ನೋಡಿದರು. ಕೊನೆಯ ಫಿಲ್ಟರ್ ಮುಗಿದ ದಿನ, "ಚಾಚಾ, ಇದನ್ನ ನನಗ ಕಲಿಸ್ರಿ," ಎಂದು ಕೇಳಿದರು.

"ಬೆಂಕಿ, ಹೊಗಿ. ಹೆಣ್ಮಕ್ಕಳ ಕೆಲಸ ಅಲ್ಲ ಇದು."

ಒಲೆಯ ಆಚೆ ಕುಳಿತಿದ್ದ ಫಕ್ರುನ್ನಿಸಾ ತಲೆ ಎತ್ತಿದರು. "ಮೂವತ್ತು ವರ್ಷ ನಿಮ್ಮ ತಿದಿ ಊದಿದಾಕಿ ನಾನು. ನಾ ಏನು ಗಂಡಸಿದ್ದೀನಾ?"

ಕಲಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಿರುವಾಗಲೇ ತವರದ ಕಡ್ಡಿ ಮುಟ್ಟಿಸಿ, ಕರಗಿದ ತವರವನ್ನು ಅರಳೆಯಿಂದ ಒಂದೇ ಏಟಿಗೆ ಸುತ್ತ ಹರಡಬೇಕು. ಹಂಡೆಗೆ, ಕೊಡಕ್ಕೆ ಇಷ್ಟು ಬಂದರೆ ಸಾಕು. ಫಿಲ್ಟರಿಗೆ ಸಾಲದು. ಅದರ ಮೇಲಿನ ಬಟ್ಟಲಿನ ತಳದಲ್ಲಿ ನೂರಾರು ಸೂಜಿತೂತುಗಳಿರುತ್ತವೆ. ತವರ ಹೆಚ್ಚಾದರೆ ತೂತು ಮುಚ್ಚುತ್ತದೆ, ಕಡಿಮೆಯಾದರೆ ತೂತಿನ ಅಂಚಿನಲ್ಲಿ ಹಿತ್ತಾಳೆ ಉಳಿಯುತ್ತದೆ. ಬಿಸಿ ಇರುವಾಗಲೇ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು, ಹೆಚ್ಚಿನ ತವರ ಉದುರುವಂತೆ ಒಮ್ಮೆ ಝಾಡಿಸಬೇಕು. ಆ ಝಾಡಿಸುವುದನ್ನು ಕಲಿಯಲಿಕ್ಕೇ ಅವರಿಗೆ ಆರು ತಿಂಗಳು ಬೇಕಾಯಿತು. ಎಡಗೈ ಮೊಣಕೈಯ ಕೆಳಗೆ ತವರ ಸಿಡಿದ ನಾಲ್ಕು ಕಲೆಗಳಿವೆ. ಕೇಳಿದ್ದಕ್ಕೆ ಸೆರಗು ಎಳೆದು ಮುಚ್ಚಿಕೊಂಡರು.

ಶರಫೋದ್ದೀನ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಅಂಗಳದ ಕುಲುಮೆಯಲ್ಲಿ ಈಗಲೂ ಪ್ರತಿ ಶನಿವಾರ ದೊರ್ಕಾಬಾಯಿ ಕಲಾಯಿ ಹಾಕುತ್ತಾರೆ. ಫಕ್ರುನ್ನಿಸಾಗೆ ತಿದಿ ಊದುವ ಶಕ್ತಿ ಇಲ್ಲ, ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕುಳಿತಿರುತ್ತಾರೆ. ಕಣ್ಣು ಮಂಜಾದರೂ ಕಿವಿ ಚುರುಕು. "ಬೆಂಕಿ ಜಾಸ್ತಿ ಆತು, ದೊರ್ಕಾ," ಎಂದು ಎಚ್ಚರಿಸುತ್ತಾರೆ.

ಬಂದವರಿಗೆಲ್ಲ ದೊರ್ಕಾಬಾಯಿ ಮೊದಲು ಹೇಳುವುದು ಸ್ಟೀಲಿನ ಫಿಲ್ಟರ್ ಕೊಳ್ಳಿ ಎಂದೇ. ಅದಕ್ಕೆ ಕಲಾಯಿಯ ತಂಟೆ ಇಲ್ಲ. ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸಿದರೆ ಮುಗಿಯಿತು. ಹಾಗೆ ಹೇಳಿದರೆ ನಿಮ್ಮ ಕಲಾಯಿ ಕೆಲಸವೇ ನಿಲ್ಲುತ್ತದಲ್ಲ ಎಂದೆ. "ನಿಂದ್ರಲಿ ಬಿಡ್ರಿ," ಎಂದರು. ಆದರೂ ಹಿತ್ತಾಳೆಯನ್ನು ಬಿಡದ ಮನೆಗಳಿವೆ. ತಾಯಿಯದು, ಅತ್ತೆಯದು ಎಂದು ಇಟ್ಟುಕೊಂಡವರಿದ್ದಾರೆ. ಅಂಥ ಇಪ್ಪತ್ತೆರಡು ಫಿಲ್ಟರುಗಳು ಇವತ್ತು ಇವರ ಕಣ್ಗಾವಲಿನಲ್ಲಿವೆ. ಒಳಗೆ ಒಂದು ಚುಕ್ಕೆ ಹಳದಿ ಕಂಡರೂ ಪುಡಿ ಇಲ್ಲ. ಈ ಹಟಕ್ಕೆ ಬೇಸತ್ತು ಪುಡಿ ಬಿಟ್ಟವರೂ ಇದ್ದಾರೆ.

ಭಾಲ್ಕಿಯ ಆ ಮನೆ ಏನಾಯಿತು? ದಾನಮ್ಮ ತೀರಿದ ಮೂರನೆಯ ವರ್ಷ, ಒಂದು ಬೆಳಗ್ಗೆ ದೊರ್ಕಾಬಾಯಿ ಬೀಜ ಹುರಿಯುತ್ತಿದ್ದಾಗ ಶಿವರಾಜಪ್ಪ ಮಂಗಲಪೇಟೆಯ ಓಣಿಯಲ್ಲಿ ಮನೆ ಹುಡುಕಿಕೊಂಡು ಬಂದು ಅಂಗಳದಲ್ಲಿ ನಿಂತರು. ಕೈಯಲ್ಲಿ ಬಟ್ಟೆಯ ಚೀಲ. ಕೂರಿ ಎಂದರೂ ಕೂರಲಿಲ್ಲ.

"ಅವ್ವನ ಪುಣ್ಯತಿಥಿ ಅದ್ರಿ ಸೋಮವಾರ. ಆಕಿ ಫೋಟೋದ ಮುಂದ ಚಹಾ ಇಡ್ಲಿಕ್ಕೆ ಮನಸ್ಸು ಬರಂಗಿಲ್ಲ. ಎರಡು ವರ್ಷ ಇಟ್ಟೆ. ಇದಕ್ಕ ಕಲಾಯಿ ಮಾಡಿ ಕೊಡ್ರಿ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ದೊರ್ಕಾಬಾಯಿ ಕೇಳಲೂ ಇಲ್ಲ. ಸೋಮವಾರ ಫಿಲ್ಟರಿನೊಂದಿಗೆ ತಾವೇ ಹೋಗಿ, ಶಶಿಕಲಾರ ಅಡುಗೆಮನೆಯಲ್ಲಿ ನಿಂತು ಡಿಕಾಕ್ಷನ್ ಇಳಿಸಿದರು. ಮೊದಲ ಲೋಟವನ್ನು ಎಲ್ಲರೆದುರು ತಾವು ಕುಡಿದರು. ಶಿವರಾಜಪ್ಪ ಎದ್ದು ಬಂದು ಎರಡನೆಯ ಲೋಟ ತೆಗೆದುಕೊಂಡು ಕುಡಿದರು. ಆಮೇಲೆ ಮೂರನೆಯದನ್ನು ಫೋಟೋದ ಮುಂದೆ ಇಟ್ಟರು. ಆ ಮನೆಯಿಂದ ಭಾಲ್ಕಿಯ ಉಳಿದ ಮನೆಗಳಿಗೆ ದಾರಿ ತೆರೆಯಿತು.

ಮಧ್ಯಾಹ್ನದ ಊಟಕ್ಕೆ ನಾವು ಸಂತಪುರದಲ್ಲಿದ್ದೇವೆ. ರೂಬಿ ಈಗ ಇಲ್ಲಿ ನರ್ಸ್. ಗುರುವಾರ ತಾಯಿಗೆ ಇಲ್ಲೇ ರೊಟ್ಟಿ. ತಾಯಿ ಕೈತೊಳೆಯಲು ಹೊರಗೆ ಹೋದಾಗ ಅವರು ಮೆಲ್ಲಗೆ ಹೇಳುತ್ತಾರೆ: "ಅವಾಗ ನನಗ ಬಂದಿದ್ದ ಗಂಡು ತಪ್ಪಿ ಹೋತ್ರಿ. ಎರಡು ವರ್ಷ ಅವ್ವನ ಕೂಡ ನೆಟ್ಟಗ ಮಾತಾಡ್ಲಿಲ್ಲ ನಾ. ಈಗ ನಾನೂ ಮಂದಿಗಿ ಸೂಜಿ ಚುಚ್ತೇನಿ, ಔಷಧ ಕೊಡ್ತೇನಿ. ಕೈ ತಪ್ಪಿದ್ರ ಹೇಳೂದು ಎಷ್ಟು ಕಷ್ಟ ಅದ ಅಂತ ಈಗ ಗೊತ್ತದ."

ಒಳಗೆ ಬಂದ ದೊರ್ಕಾಬಾಯಿಯನ್ನು, ದಾನಮ್ಮನವರ ಸಾವು ಆ ಕಾಫಿಯಿಂದಲೇ ಆಯಿತು ಎಂದುಕೊಂಡಿದ್ದೀರಾ ಎಂದು ಕೇಳಿದೆ. ಕೇಳಬಾರದಿತ್ತೇನೋ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಡಾಕ್ಟರ್ ಹೃದಯ ಅಂದ್ರು. ಇರಬಹುದು. ದೇವರಿಗೇ ಗೊತ್ತು. ಆದ್ರ ಆ ಒಂಬತ್ತು ದಿನ ಆಕಿ ಬಾಯಿಗಿ ಏನೂ ರುಚಿ ಹತ್ತಿದ್ದಿಲ್ಲಂತ. ಕಾಫಿ ಸುದ್ದಾ ಬ್ಯಾಡ ಅಂದಿದ್ರಂತ. ಅದಂತೂ ನನ್ನಿಂದೇ ಆತಲ್ರಿ."

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದೆ. ಇನ್ನೊಂದು ಮನೆಯ ಫಿಲ್ಟರ್ ನೋಡುವುದಿದೆ. ಹೊರಡುವ ಮುನ್ನ ಸಂಕೋಚದಿಂದಲೇ ಕೇಳಿದೆ: ಈ ಸಂಗತಿಯನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ? ಬೇಡವೆಂದರೆ ಹುರಿಯುವುದು, ಬೀಸುವುದು, ಬಸ್ಸು, ಇಷ್ಟನ್ನೇ ಬರೆಯುತ್ತೇನೆ.

"ಅದನ್ನೇ ಬರೀರಿ," ಎಂದರು ದೊರ್ಕಾಬಾಯಿ. "ನಾ ಕಾಫಿ ಛಲೋ ಮಾಡ್ತೇನಿ ಅಂತ ಬರೀದಿದ್ರೂ ನಡೀತದ. ತಂತಿ ಹಚ್ಚಿ ತಿಕ್ಕಿದ್ದು ಬರೀರಿ. ಓದಿದಾಕಿ ಯಾರರೆ ಒಬ್ಬಾಕಿ ಎದ್ದು ಹೋಗಿ, ತನ್ನ ಮನಿ ಫಿಲ್ಟರ್ ಒಳಗ ಬೆಳ್ಳಗದನೋ ಹಳದಿ ಅದನೋ ನೋಡಿದ್ರ, ನನಗ ಅಷ್ಟು ಸಾಕು."